ಕುದುರೆಯ ಇಪ್ಪತ್ತನೇ ಪಾಲು

ನನ್ನನ್ನು ಒಂದು ಕುದುರೆಯ ಇಪ್ಪತ್ತನೇ ಪಾಲು ಎಂದು ಕರೆದವರು ನನ್ನ ಗಂಡ. ಅದು ಬೈಗುಳವಲ್ಲ. ಕೈಯಲ್ಲಿ ಗಡಿಯಾರ ಹಿಡಿದು, ಬಾವಿಯ ಆಳ ಅಳೆದು, ಮೂರು ಸಲ ಗುಣಿಸಿ ಭಾಗಿಸಿ ಬಂದ ಉತ್ತರ. ಅದನ್ನು ಪುಸ್ತಕದಲ್ಲಿ ಬರೆದು, ಮಸಿ ಒಣಗಲೆಂದು ಊದಿ, ತಲೆಯೆತ್ತಿ ನನ್ನ ಕಡೆ ನೋಡಿದ ಆ ಮುಖದಲ್ಲಿ ಎಷ್ಟು ಸಂತೋಷವಿತ್ತೆಂದರೆ, ಮದುವೆಯ ದಿನವೂ ಅಷ್ಟು ಕಂಡಿರಲಿಲ್ಲ.

ಇದು ನಾನು ಮದುವೆಯಾಗಿ ಬಳ್ಳಾರಿಗೆ ಬಂದ ಎರಡನೇ ವರ್ಷದ ಮಾತು. ಆಗ ಬ್ರಿಟಿಷರ ದೊಡ್ಡ ರಾಣಿಯ ಕಾಲ. ಊರಿಗೆ ರೈಲು ಬಂದು ಕೆಲವು ವರ್ಷಗಳಾಗಿದ್ದವು. ನನ್ನ ತವರು ಸಿರುಗುಪ್ಪ. ನಮ್ಮಪ್ಪ ಅಲ್ಲಿ ಸಾಲಿ ಮಾಸ್ತರ. ಗಂಡುಹುಡುಗರಿಗೆ ಹೇಳಿಕೊಟ್ಟು ಮಿಕ್ಕ ಅಕ್ಷರವನ್ನೂ ಮಗ್ಗಿಯನ್ನೂ ಮನೆಗೆ ತಂದು ನನಗೆ ಹೇಳಿಕೊಟ್ಟಿದ್ದರು. ಗಂಡನ ಮನೆ ಬಳ್ಳಾರಿಯ ಕೋಟೆ ಗುಡ್ಡದ ಕೆಳಗಿನ ಓಣಿಯಲ್ಲಿ. ಮನೆಯಲ್ಲಿ ಮೂರೇ ಜನ: ಇವರು, ಇವರ ತಾಯಿ, ನಾನು. ಮಾವ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಇವರು ಸ್ಟೇಷನ್ ರಸ್ತೆಯ ಒಂದು ಹತ್ತಿ ಗಿರಣಿಯಲ್ಲಿ ಗುಮಾಸ್ತರು. ಮನೆಯ ಆಡಳಿತ ಅತ್ತೆಯದು, ಕೆಲಸ ನನ್ನದು, ಊಟ ಇವರದು.

ಆ ವರ್ಷ ಗಿರಣಿಗೆ ಹಡಗು, ರೈಲು ಹತ್ತಿ ಹೊಸ ಇಂಜಿನ್ ಬಂತು. ಅದರ ಮೈಮೇಲೆ ನಲವತ್ತು ಕುದುರೆಯ ಬಲ ಎಂದು ಬರೆದಿತ್ತಂತೆ. ಸ್ಟೇಷನ್ನಿನಿಂದ ಗಿರಣಿಯ ತನಕ ಅದನ್ನು ಎಳೆಯಲು ಇಪ್ಪತ್ತು ಎತ್ತು ಕಟ್ಟಿದ್ದರು. ದಾರಿಯುದ್ದಕ್ಕೂ ನಿಂತ ಜನಕ್ಕೆ ಒಂದೇ ಅನುಮಾನ: ಒಳಗೆ ನಲವತ್ತು ಕುದುರೆ ಇದ್ದ ಮೇಲೆ ಹೊರಗೆ ಎತ್ತು ಯಾಕೆ? ಇವರು ಸಂಜೆ ಮನೆಗೆ ಬಂದು ಇಂಜಿನ್ನಿನ ವರ್ಣನೆ ಶುರುಮಾಡಿದರು. ಅತ್ತೆ ಎಲೆಗೆ ಸುಣ್ಣ ಸವರುತ್ತ ಎಲ್ಲವನ್ನೂ ಕೇಳಿಸಿಕೊಂಡರು.

"ನಲ್ವತ್ತು ಕುದುರಿ ಅಂತೀಯಲ್ಲಲೇ, ಲದ್ದಿ ಎತ್ತಾಕ ಎಷ್ಟು ಮಂದಿ ಇಟ್ಟಾರ?" ಅಂದರು.

ಲದ್ದಿ ಇಲ್ಲ, ಹೊಗೆ ಮಾತ್ರ ಎಂದು ಇವರು ವಿವರಿಸಿದರು. ಅತ್ತೆಗೆ ನಂಬಿಕೆ ಬರಲಿಲ್ಲ. ತಿನ್ನುವುದು ಕಲ್ಲಿದ್ದಲು, ಬಿಡುವುದು ಹೊಗೆ, ಅದನ್ನು ಕುದುರೆ ಅಂತ ಮಾರಿದವರು ಜಾಣರು ಎಂದು ತೀರ್ಪು ಕೊಟ್ಟು ಎದ್ದುಹೋದರು.

ಆ ಮಾತು ಇವರ ತಲೆ ಹೊಕ್ಕಿತು. ಮರುದಿನ ಇಂಜಿನ್ ಮೇಸ್ತ್ರಿಯನ್ನು ಹಿಡಿದು, ಒಂದು ಕುದುರೆ ಎಂದರೆ ಎಷ್ಟು ಎಂದು ಕೇಳಿಕೊಂಡು ಬಂದರು. ಮೇಸ್ತ್ರಿ ಪೌಂಡಿನಲ್ಲಿ ಹೇಳಿದ್ದನ್ನು ನಮ್ಮ ಕಡೆ ಆಗ ನಡೆಯುತ್ತಿದ್ದ ಇಪ್ಪತ್ತೈದು ಪೌಂಡಿನ ಚಿಕ್ಕ ಮಣಕ್ಕೆ ಇಳಿಸಿದರು. ಒಂದು ನಿಮಿಷದಲ್ಲಿ ಸಾವಿರದ ಮುನ್ನೂರ ಇಪ್ಪತ್ತು ಮಣ ಭಾರವನ್ನು ಒಂದು ಅಡಿ ಮೇಲೆತ್ತಿದರೆ ಅದು ಒಂದು ಕುದುರೆಯ ಬಲ. ಎತ್ತುವುದು ಕುದುರೆಯೇ ಆಗಬೇಕೆಂದಿಲ್ಲ, ಯಾರು ಎತ್ತಿದರೂ ಲೆಕ್ಕ ಒಂದೇ. ಇಷ್ಟು ಗೊತ್ತಾದದ್ದೇ ತಡ, ಇವರು ಒಂದು ದಪ್ಪ ಪುಸ್ತಕ ಹೊಲಿದುಕೊಂಡು ಊರಿನಲ್ಲಿ ಉಸಿರಾಡುವುದನ್ನೆಲ್ಲ ಕುದುರೆಗೆ ಇಳಿಸಲು ಹೊರಟರು.

ಮೊದಲು ತೋಟದ ಕಪಿಲೆ ಬಾವಿಯಲ್ಲಿ ನೀರೆಳೆಯುವ ಎತ್ತು. ಅದು ಅರ್ಧ ಕುದುರೆ ಎಂದಾಯಿತು. ಆಮೇಲೆ ಅಗಸರ ಕತ್ತೆ. ಮೊದಲ ದಿನ ಅದು ಗಡಿಯಾರ ಕಂಡೊಡನೆ ಕೂತುಬಿಟ್ಟಿದ್ದರಿಂದ ಸೊನ್ನೆ ಬಂತು. ಎರಡನೇ ದಿನ ಕಾಲು ಕುದುರೆ. ಆಮೇಲೆ ಇರುವೆ. ಒಂದು ಜೋಳದ ಕಾಳನ್ನು ಕಚ್ಚಿಕೊಂಡು ಅಡಿಗೆಮನೆಯ ಗೋಡೆ ಹತ್ತುತ್ತಿದ್ದ ಇರುವೆಯ ಪಕ್ಕದಲ್ಲಿ ಇವರು ಪಟ್ಟಿ ಹಿಡಿದು ಅರ್ಧ ತಾಸು ನಿಂತರು. ನಾನು ಗೋಡೆ ಸಾರಿಸಲು ಬಂದರೆ ಬೈದು ಕಳಿಸಿದರು. ಒಂದು ಕುದುರೆಗೆ ಎಷ್ಟು ಇರುವೆ ಎಂಬ ಲೆಕ್ಕ ಕೋಟಿಗಳಿಗೆ ಹೋಯಿತು. ಒಂದು ಇಂಜಿನ್ನಿಗೆ ಎಷ್ಟು ಇರುವೆ ಎಂದು ಬರೆಯಹೋಗಿ ಸಾಲು ಮುಗಿದು, ಸೊನ್ನೆಗಳು ಪುಟದ ಅಂಚಿನಲ್ಲಿ ಕೆಳಗೆ ಇಳಿದವು. ಅಷ್ಟು ಇರುವೆ ಒಂದೇ ಕಡೆ ಸೇರಿದರೆ ಮೊದಲು ನಮ್ಮ ಬೆಲ್ಲದ ಗಡಿಗೆಯ ಗತಿ ಏನು ಎಂದು ನಾನು ಕೇಳಿದೆ. ಇವರು ಇನ್ನೊಂದು ಸೊನ್ನೆ ಬರೆದರು.

ಆಷಾಢ ಮುಗಿಯುತ್ತ ಬಂದಿತ್ತು. ನಾಗರ ಪಂಚಮಿಗೆ ಹನ್ನೆರಡು ದಿನ ಇತ್ತು. ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಈ ಪಂಚಮಿ ಎಂದರೆ ಏನೆಂದು ಬೇರೆ ಸೀಮೆಯವರಿಗೆ ಹೇಳಿದರೆ ಅರ್ಥವಾಗುವುದು ಕಷ್ಟ. ಅಣ್ಣನೋ ತಮ್ಮನೋ ಗಾಡಿ ಕಟ್ಟಿಕೊಂಡು ಬರಬೇಕು, ಕರೆದುಕೊಂಡು ಹೋಗಬೇಕು. ಕೊಟ್ಟ ಹೆಣ್ಣುಮಕ್ಕಳೆಲ್ಲ ಅದೊಂದು ಹಬ್ಬಕ್ಕೆ ಊರಿಗೆ ಬಂದು ಸೇರುತ್ತಾರೆ. ಜೋಳದ ಅಳ್ಳು ಹುರಿಯುವುದು, ಎಳ್ಳುಂಡಿ ತಿನ್ನುವುದು, ಹುಣಸೆ ಮರಕ್ಕೆ ಜೋಕಾಲಿ ಕಟ್ಟಿ ಕತ್ತಲಾಗುವ ತನಕ ಜೀಕುವುದು. ಹಿಂದಿನ ವರ್ಷ ಹೊಸ ಮದುವಣಗಿತ್ತಿ ಎಂದು ಕೇಳದೆಯೇ ಕಳಿಸಿದ್ದರು. ಈ ವರ್ಷ ಅತ್ತೆಯ ಬಾಯಿಂದ ಹೂಂ ಬರಬೇಕಿತ್ತು. ನನಗೆ ಹೋಗಬೇಕಿತ್ತು. ಬಟ್ಟೆ ಒಗೆಯುವಾಗಲೂ, ರೊಟ್ಟಿ ತಟ್ಟುವಾಗಲೂ ಅದೊಂದೇ ಮನಸ್ಸಿನಲ್ಲಿ ಓಡುತ್ತಿತ್ತು.

ಅಂಥ ಹೊತ್ತಿನಲ್ಲಿ ಇವರು ಬಂದು, ನಿನ್ನ ಬಲ ಅಳೆಯುತ್ತೇನೆ ಅಂದರು.

ನಮ್ಮ ಹಿತ್ತಿಲ ಬಾವಿಯಲ್ಲಿ ರಾಟೆಯಿಂದ ನೀರಿಗೆ ಮೂವತ್ತಮೂರು ಅಡಿ. ತುಂಬಿದ ಕೊಡವನ್ನು ಇವರು ಕಿರಾಣಿ ಅಂಗಡಿಗೆ ಹೊತ್ತುಕೊಂಡು ಹೋಗಿ ತಕ್ಕಡಿಗೆ ಹಾಕಿಸಿದ್ದರು. ಸರಿಯಾಗಿ ಒಂದು ಮಣ. ಅಂಗಡಿಯವನು ನೀರು ಮಾರುತ್ತೀರೇನು ಎಂದು ಕೇಳಿದ್ದನಂತೆ. ಒಂದು ನಿಮಿಷಕ್ಕೆ ನಲವತ್ತು ಕೊಡ ಸೇದಿದರೆ ಒಂದು ಕುದುರೆ. ನಿಮಿಷಕ್ಕೆ ಒಂದು ಕೊಡ ಸೇದಿದರೆ ನಲವತ್ತನೇ ಪಾಲು. ಹತ್ತು ನಿಮಿಷ ಸೇದಬೇಕು, ಕೊಡ ಎಣಿಸಬೇಕು, ಇಷ್ಟೇ.

ಆಚೆ ಈಚೆ ಮನೆಯ ಹೆಂಗಸರು ಗೋಡೆಯ ಮೇಲಿಂದ ಇಣುಕಿದರು. ನನಗೂ ಹುರುಪು ಬಂತು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಗ್ಗ ಹಿಡಿದು ಎಳೆದೆ ನೋಡಿ. ರಾಟೆ ಕಿರುಚುತ್ತಿತ್ತು. ಬಾವಿ ಪಕ್ಕದ ಕಲ್ಲಿನ ದೋಣಿ ತುಂಬಿ ಹರಿದು ಬಚ್ಚಲ ತನಕ ನೀರು. ಹತ್ತು ನಿಮಿಷ ಆಗುವಷ್ಟರಲ್ಲಿ ಇಪ್ಪತ್ತು ಕೊಡ ಸೇದಿ ನಿಂತೆ. ಇವರು ಲೆಕ್ಕ ಹಾಕಿ, ಕುದುರೆಯ ಇಪ್ಪತ್ತನೇ ಪಾಲು ಅಂದರು. ಹತ್ತು ಜನ ನಾನು ಸೇರಿದರೆ ಒಂದು ಎತ್ತು, ಎಂಟುನೂರು ಜನ ನಾನು ಸೇರಿದರೆ ಗಿರಣಿಯ ಇಂಜಿನ್. ಎಂಟುನೂರು ಸೊಸೆಯಂದಿರನ್ನು ಒಂದೇ ಮನೆಯಲ್ಲಿ ಇಟ್ಟುಕೊಳ್ಳುವ ಅತ್ತೆ ಎಲ್ಲಿ ಸಿಗುತ್ತಾಳೆ ಎಂದು ಪಕ್ಕದ ಮನೆಯಾಕೆ ಗೋಡೆಯ ಮೇಲಿಂದಲೇ ವಿಚಾರಿಸಿದಳು.

ನಾನು ಬೀಗುತ್ತ ಒಳಗೆ ಹೋದೆ. ಅತ್ತೆ ಮಜ್ಜಿಗೆ ಕೊಟ್ಟರು. ಅವರಾಗಿಯೇ ಕೊಟ್ಟದ್ದು ಅದೇ ಮೊದಲು. ಇದೇ ಸಮಯ ಎಂದು ಪಂಚಮಿಯ ಮಾತು ತೆಗೆದೆ. ಅತ್ತೆ ನನ್ನ ಬೆನ್ನ ಮೇಲೆ ಕೈಯಿಟ್ಟರು.

"ಕುದುರಿ ಇಪ್ಪತ್ತನೇ ಪಾಲು ಅಂದ್ರ ಕಮ್ಮಿ ಆತೇನ ಯವ್ವಾ? ನಿನ್ನಷ್ಟು ಗಟ್ಟಿಗಿತ್ತಿ ಈ ಓಣ್ಯಾಗ ಯಾರದಾರ ಹೇಳು. ಇಂಥಾಕಿನ್ನ ಕಳಿಸಿ ನಾ ಮನಿ ಹೆಂಗ ನಡಸಲಿ?"

ಆ ಹೊಗಳಿಕೆಗೆ ನಾನು ಅರ್ಧ ದಿನ ಉಬ್ಬಿಕೊಂಡೇ ಓಡಾಡಿದೆ. ಸಂಜೆ ದೀಪಕ್ಕೆ ಬತ್ತಿ ಹೊಸೆಯುವಾಗ ತಟ್ಟನೆ ಹೊಳೆಯಿತು, ಅತ್ತೆ ಹೋಗಬೇಡ ಎಂದು ಹೇಳಿದ್ದಾರೆ ಎಂದು. ಅಷ್ಟು ಸಿಹಿಯಾಗಿ ಇಲ್ಲ ಅನ್ನುವುದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಎಲ್ಲಾ ನನ್ನ ಕೈಯಾರೆ ಮಾಡಿಕೊಂಡದ್ದು. ಯಾರು ಹೇಳಿದ್ದರು ಇಪ್ಪತ್ತು ಕೊಡ ಸೇದು ಎಂದು? ಸಿಟ್ಟು ಬಂದು ಇವರ ತಟ್ಟೆಗೆ ಸಾರು ಬಡಿಸುವಾಗ ಸ್ವಲ್ಪ ಮೇಲಿಂದಲೇ ಬಡಿಸಿದೆ.

ಬಲ ಹೆಚ್ಚು ಅಂತ ತಾನೇ ಕಳಿಸುವುದಿಲ್ಲ? ಕಡಿಮೆಯಾದರೆ ಕಳಿಸಬೇಕಲ್ಲ. ಹೀಗೆ ಯೋಚಿಸಿ, ನಾಲ್ಕು ದಿನ ಬಿಟ್ಟು ಇವರಿಗೆ ಹೇಳಿದೆ: ಒಂದು ಸಲ ಅಳೆದದ್ದು ನಿಜವೋ ಸುಳ್ಳೋ ಯಾರಿಗೆ ಗೊತ್ತು, ಇನ್ನೊಮ್ಮೆ ಅಳೆಯಿರಿ ಎಂದು. ಇವರಿಗೆ ಬೇಕಾದ್ದೂ ಅದೇ. ಈ ಸಲ ನಾನು ಕೊಡ ಇಳಿಬಿಟ್ಟು ಒಳಗೆ ಇಣುಕಿ ನೋಡಿದೆ. ಹಗ್ಗ ಹಿಡಿದು ನಿಟ್ಟುಸಿರು ಬಿಟ್ಟೆ. ನಡುವೆ ಎರಡು ಸಲ ಕೂದಲು ಕಟ್ಟಿಕೊಂಡೆ. ಹತ್ತು ನಿಮಿಷಕ್ಕೆ ಐದೇ ಕೊಡ ಬಂತು. ಎಂಬತ್ತನೇ ಪಾಲು. ಇವರು ಗಾಬರಿಯಿಂದ ನಾಲಿಗೆ ತೋರಿಸು ಅಂದರು.

ಅತ್ತೆ ಮಾತ್ರ ಗಾಬರಿಯಾಗಲಿಲ್ಲ. ಅವರು ಮಗನಿಗೇ ಹೇಳಿದರು, ನಾನು ಅಲ್ಲಿ ಇಲ್ಲವೇ ಇಲ್ಲ ಅನ್ನುವ ಹಾಗೆ.

"ನಾಕು ದಿನದಾಗ ನಾಕನೇ ಪಾಲಿಗೆ ಇಳಿದಾಳ. ತವರಿಗೆ ಹೋಗಿ ಉಂಡಿ ತಿಂದು ಜೋಕಾಲಿ ಆಡಿದ್ರ ಇದ್ದದ್ದೂ ಹೋಗತೈತಿ. ಇಲ್ಲೇ ಇರ್ಲಿ, ದಿನಾ ನೀರು ಸೇದಿ ಸುಧಾರಿಸ್ಕೊಳ್ಳಲಿ."

ಹೆಚ್ಚು ಬಂದರೆ ಬಿಡುವ ಹಾಗಿಲ್ಲ, ಕಡಿಮೆ ಬಂದರೆ ಹೋಗುವ ಹಾಗಿಲ್ಲ. ನಾನು ಹಿತ್ತಿಲಿಗೆ ಹೋಗಿ ಬಾವಿಯ ಕಟ್ಟೆಯ ಮೇಲೆ ಕೂತು ಅತ್ತುಬಿಟ್ಟೆ. ಅಳು ಮುಗಿದ ಮೇಲೆ ಮಾಸ್ತರ ಮಗಳು ಎಚ್ಚರಗೊಂಡಳು. ಲೆಕ್ಕದಲ್ಲಿ ನನ್ನ ಅಂಕಿಯನ್ನು ಎಷ್ಟು ತಿರುಚಿದರೂ ಉತ್ತರ ಬದಲಾಗುವುದಿಲ್ಲ, ಹಾಗಾದರೆ ಬದಲಾಯಿಸಬೇಕಾದ ಅಂಕಿ ಬೇರೆ ಇದೆ ಎಂದು ತಿಳಿಯಿತು.

ಮರುದಿನ ಅತ್ತೆ ಪಡಸಾಲೆಯಲ್ಲಿ ಮೊರ ಹಿಡಿದು ಜೋಳ ಕೇರುತ್ತಿದ್ದರು. ನಾನು ಅವರಿಗೆ ಕೇಳುವಷ್ಟು ದನಿಯಲ್ಲಿ ಇವರಿಗೆ ಹೇಳಿದೆ:

"ನಿಮ್ಮ ಪುಸ್ತಕದಾಗ ಇರುವಿ ಐತಿ, ಅಗಸರ ಕತ್ತಿ ಐತಿ, ನಾನೂ ಅದೀನಿ. ಮನಿ ಹಿರ್ಯಾಕಿದ ಲೆಕ್ಕನ ಇಲ್ಲಲ್ರಿ."

ಮೊರ ನಿಂತಿತು. ಇವರಿಗೆ ತಾಯಿಯನ್ನು ಅಳೆಯುವ ಧೈರ್ಯ ಇರಲಿಲ್ಲ; ಗಡಿಯಾರವನ್ನು ಜೇಬಿನೊಳಗೆ ತಳ್ಳಿಕೊಂಡು, ಅವ್ವನಿಗೆ ವಯಸ್ಸಾಗಿದೆ ಎಂದು ಏನೋ ತೊದಲಿದರು. ಅದಕ್ಕಿಂತ ಒಳ್ಳೆಯ ಮಾತನ್ನು ನಾನು ಹೇಳಿಕೊಟ್ಟಿದ್ದರೂ ಅವರ ಬಾಯಿಂದ ಬರುತ್ತಿರಲಿಲ್ಲ. ಅತ್ತೆ ಮೊರ ಬದಿಗಿಟ್ಟು, ಸೀರೆಯ ಕಚ್ಚೆ ಬಿಗಿದು ಎದ್ದರು.

"ಗಡಿಯಾರ ತಗೊಂಡು ಬಾರಲೇ," ಅಂದರು.

ಅವರಿಗೆ ಆಗ ಐವತ್ತು ದಾಟಿತ್ತು. ಆದರೆ ಆ ಕೈ ಹಗ್ಗದ ಮೇಲೆ ಬಿದ್ದ ಕೂಡಲೇ ರಾಟೆಯ ಸದ್ದೇ ಬೇರೆಯಾಯಿತು. ಗೋಡೆಯ ಮೇಲಿನ ತಲೆಗಳು ಎರಡು ಸಾಲಾದವು. ಇವರು ಗಡಿಯಾರದಿಂದ ಕಣ್ಣು ಕೀಳದೆ, ದೋಣಿಗೆ ನೀರು ಬಿದ್ದ ಸದ್ದಿಗೆ ಒಂದೊಂದು ಗೆರೆ ಎಳೆಯುತ್ತಿದ್ದರು. ದೋಣಿಯ ಪಕ್ಕ ನಿಂತಿದ್ದವಳು ನಾನು. ಹದಿನೈದನೇ ಕೊಡದ ಹೊತ್ತಿಗೆ ಅತ್ತೆಗೆ ಏದುಸಿರು ಬಂತು. ಹದಿನಾರನೇ ಕೊಡದಲ್ಲಿ ನೀರು ಅರ್ಧ ಮಾತ್ರ ಇತ್ತು. ಹದಿನೇಳರಲ್ಲೂ ಅರ್ಧ. ಅಲ್ಲಿಂದ ಮುಂದೆ ಎಲ್ಲಾ ಅರ್ಧ ಕೊಡವೇ. ನಾನು ಬಾಯಿ ಬಿಡಲಿಲ್ಲ. ಅವರು ಗೆದ್ದರೆ ನಾನು ಗೆದ್ದ ಹಾಗೆ. ಅತ್ತೆಯ ಮೋಸವನ್ನು ಕಂಡೂ ಕಾಣದಂತೆ ನಿಂತ ನನ್ನ ಜಾಣತನಕ್ಕೆ ಒಳಗೊಳಗೇ ಖುಷಿಪಟ್ಟೆ.

ಹತ್ತು ನಿಮಿಷಕ್ಕೆ ಇಪ್ಪತ್ತೊಂದು ಕೊಡ. ನನಗಿಂತ ಒಂದು ಹೆಚ್ಚು. ಇವರು ಲೆಕ್ಕ ಹಾಕಿ, ಕುದುರೆಯ ಹತ್ತೊಂಬತ್ತನೇ ಪಾಲು ಎಂದು ಕೂಗಿದರು.

ಅತ್ತೆಯ ಮುಖ ಕೆಂಪಾಯಿತು. ಸೊಸೆಗೆ ಇಪ್ಪತ್ತು, ತನಗೆ ಹತ್ತೊಂಬತ್ತು. ಒಂದು ಕೊಡ ಹೆಚ್ಚು ಸೇದಿದವಳಿಗೆ ಒಂದು ಅಂಕಿ ಕಡಿಮೆ ಕೊಡುವುದು ಯಾವ ಊರ ನ್ಯಾಯ ಎಂದು ಮಗನ ಮೇಲೆ ಹರಿಹಾಯ್ದರು. ಗೋಡೆಯ ಮೇಲಿನ ಎರಡು ಸಾಲೂ ಅತ್ತೆಯ ಪಕ್ಷ ಹಿಡಿಯಿತು. ನನ್ನ ತವರು ಮತ್ತೆ ಕೈತಪ್ಪುತ್ತಿರುವುದನ್ನು ನೋಡಿ ನಾನು ಒಳಗೋಡಿ ಎರಡು ಜೋಳದ ರೊಟ್ಟಿ ತಂದು ಇವರ ಮುಂದಿಟ್ಟೆ. ಒಂದನ್ನು ಹತ್ತೊಂಬತ್ತು ಪಾಲು ಮಾಡಿ, ಇನ್ನೊಂದನ್ನು ಇಪ್ಪತ್ತು ಪಾಲು ಮಾಡಿ, ಯಾವುದರ ತುಂಡು ದೊಡ್ಡದು ಅಂತ ಅವ್ವನಿಗೆ ತೋರಿಸಿ ಅಂದೆ. ಇವರು ಶ್ರದ್ಧೆಯಿಂದ ಮುರಿಯತೊಡಗಿದರು. ಹನ್ನೆರಡನೇ ತುಂಡಿಗೆ ರೊಟ್ಟಿ ಪುಡಿಯಾಯಿತು. ಇನ್ನೆರಡು ತಂದೆ, ಅವೂ ಪುಡಿಯಾದವು. ಕೊನೆಗೆ ಪುಡಿಯನ್ನೇ ಗುಪ್ಪೆ ಗುಪ್ಪೆಯಾಗಿ ಹಂಚಿ, ಹತ್ತೊಂಬತ್ತರ ಗುಪ್ಪೆ ಕಣ್ಣಿಗೆ ಕಾಣುವಷ್ಟು ದೊಡ್ಡದು ಎಂದು ಸಾಧಿಸಬೇಕಾಯಿತು. ಇವರು ಅದಕ್ಕೆ ಬೇಕಾದಷ್ಟು ಪುಡಿ ಸೇರಿಸಿದ್ದರು ಎಂಬುದು ನನ್ನ ಅನುಮಾನ.

ಅತ್ತೆ ಗುಪ್ಪೆಯನ್ನು ನೋಡಿದರು. ಓಣಿಯ ಹೆಂಗಸರನ್ನು ನೋಡಿದರು. ಆಮೇಲೆ ಹೇಳಿದರು:

"ಇಕಿ ಬರೂಕಿಂತ ಮೊದ್ಲ ಈ ಬಾವಿ ನೀರು ಯಾರು ಸೇದ್ತಿದ್ರು? ನಾ ಅದೀನಿ ಮನಿಗೆ. ಹೋಗಿ ಬರ್ಲಿ."

ಎರಡು ದಿನ ಬಿಟ್ಟು ಅಣ್ಣ ಗಾಡಿ ತಂದ. ಕರಿಮಣ್ಣಿನ ದಾರಿ, ಮಳೆ ಬೇರೆ ಬಿದ್ದಿತ್ತು. ಗಾಲಿ ಹೂತಾಗೆಲ್ಲ ನಾನೂ ಇಳಿದು ತಳ್ಳಿದೆ. ಕುದುರೆಯ ಇಪ್ಪತ್ತನೇ ಪಾಲು ಸುಮ್ಮನೆ ಕೂರುವುದು ಸರಿಯಲ್ಲ ಎಂದು ಅಣ್ಣನಿಗೆ ಹೇಳಿದರೆ ಅವನಿಗೆ ಅರ್ಥವಾಗಲಿಲ್ಲ. ಸಿರುಗುಪ್ಪ ಸೇರಿ, ಜೋಕಾಲಿಯ ಮೇಲೆ ನಿಂತು ಜೀಕಿದಾಗ ತುಂಗಭದ್ರೆ ಕೆಂಪಗೆ ತುಂಬಿ ಹರಿಯುವುದು ದೂರಕ್ಕೆ ಕಾಣುತ್ತಿತ್ತು. ಅಂಥ ಸುಖವನ್ನು ನಾನು ಆಮೇಲೆ ಹೆಚ್ಚು ಸಲ ಕಂಡಿಲ್ಲ.

ಮೂರನೇ ದಿನ ಇವರಿಂದ ಅಂಚೆ ಕಾರ್ಡು ಬಂತು. ಹೊಳೆ ಎಷ್ಟು ಅಗಲ, ಎಷ್ಟು ಆಳ, ಎಷ್ಟು ವೇಗ ಎಂದು ಕೂಡಲೇ ತಿಳಿಸಬೇಕೆಂದು ಬರೆದಿದ್ದರು. ಅಪ್ಪನಿಗೆ ಅಳಿಯನ ಈ ಗುಣ ಬಹಳ ಹಿಡಿಸಿತು. ಅಪ್ಪ, ಅಣ್ಣ, ನಾನು ಮೂವರೂ ಹೊಳೆದಂಡೆಗೆ ಹೋಗಿ ತೆಂಗಿನಕಾಯಿ ತೇಲಿಬಿಟ್ಟು ಹೆಜ್ಜೆ ಎಣಿಸಿದೆವು. ಅಂಬಿಗರನ್ನು ಆಳ ಕೇಳಿದೆವು. ಅವರು ದೇವರಿಗೆ ಗೊತ್ತು ಅಂದರು. ಅಪ್ಪ ಅದನ್ನು ಹತ್ತು ಅಡಿ ಎಂದು ಬರೆದುಕೊಂಡರು. ಉತ್ತರ ಇನ್ನೊಂದು ಕಾರ್ಡಿನಲ್ಲಿ ಬಂತು. ನಮ್ಮ ಬಾವಿಯ ಆಳದಷ್ಟು ಎತ್ತರದಿಂದ ಈ ಹೊಳೆ ಬಿದ್ದರೆ ನಾಲ್ಕು ಲಕ್ಷ ಕುದುರೆಯ ಬಲ. ಅದರ ಕೆಳಗೆ ಚಿಕ್ಕ ಅಕ್ಷರದಲ್ಲಿ: "ಅಂದರೆ ಎಂಬತ್ತು ಲಕ್ಷ ನೀನು. ಅಲ್ಲಿ ಅಷ್ಟೊಂದು ಹರಿಯುತ್ತಿರುವಾಗ ಇಲ್ಲಿ ಒಂದು ಕಡಿಮೆಯಾಗಿದೆ."

ಕಾರ್ಡಿಗೆ ಲಕೋಟೆ ಇರುವುದಿಲ್ಲವಲ್ಲ. ಅಂಚೆಯವನು ಓದಿ, ಅಣ್ಣ ಓದಿ, ಅಪ್ಪನ ಕೈಗೆ ಬಂದಿತ್ತು. ನಾನು ಕಂಬದ ಹಿಂದೆ ನಿಂತು ನಾಚಿಕೆಯಿಂದ ಸಾಯುತ್ತಿದ್ದರೆ, ಅಪ್ಪ ಸೀಸದಕಡ್ಡಿ ತೆಗೆದುಕೊಂಡು ಕೊನೆಯ ಗುಣಾಕಾರವನ್ನು ಮತ್ತೊಮ್ಮೆ ಮಾಡಿ ನೋಡಿ, ಪಕ್ಕದಲ್ಲಿ "ಸರಿ" ಎಂದು ಬರೆದರು.

ಬಳ್ಳಾರಿಗೆ ಮರಳಿದಾಗ ಅತ್ತೆಯ ಎರಡೂ ಅಂಗೈಗೆ ಅರಿಸಿನ ಮೆತ್ತಿ ಬಟ್ಟೆ ಸುತ್ತಿತ್ತು. ಅಳತೆಯ ದಿನ ಎದ್ದ ಬೊಬ್ಬೆಗಳು ದಿನಾ ನೀರು ಸೇದಿ ಒಡೆದಿದ್ದವು. ನನ್ನ ಜಾಣತನವೆಲ್ಲ ಎಲ್ಲಿ ಹೋಯಿತೋ. ಅವರ ಕೈಗೆ ಹೊಸ ಬಟ್ಟೆ ಸುತ್ತುತ್ತ ಎಲ್ಲಾ ಹೇಳಿಬಿಟ್ಟೆ: ಬೇಕೆಂದೇ ಕೆಣಕಿದ್ದು ನಾನು, ಅರ್ಧ ಕೊಡ ಕಂಡೂ ಸುಮ್ಮನಿದ್ದದ್ದು ನಾನು ಎಂದು.

ಅತ್ತೆ ನಕ್ಕರು. ಅರ್ಧ ಕೊಡ ಕಾಣಲಿ ಅಂತಲೇ ನಿನ್ನ ಕಣ್ಣೆದುರು ಸುರಿದದ್ದು, ಆಗ ಬಾಯಿ ಬಿಡಬಾರದೆಂದು ತಿಳಿಯದ ಹುಡುಗಿಯಾಗಿದ್ದರೆ ಗಾಡಿ ವಾಪಸು ಹೋಗುತ್ತಿತ್ತು ಅಂದರು. ಆಮೇಲೆ ಬಟ್ಟೆ ಸುತ್ತಿಯಾದ ಕೈಯನ್ನು ತಿರುಗಿಸಿ ನೋಡಿಕೊಂಡರು. ಅವರ ತವರು ಕುರುಗೋಡು, ಬಳ್ಳಾರಿಯಿಂದ ಅರ್ಧ ದಿನದ ದಾರಿ. ಅಲ್ಲಿಗೆ ಅವರು ಹೋದದ್ದನ್ನು ನಾನು ನೋಡಿರಲಿಲ್ಲ, ಯಾಕೆಂದು ಕೇಳಿಯೂ ಇರಲಿಲ್ಲ.

"ನಮ್ಮತ್ತಿ ನನ್ನ ಒಂದ್ ದಿನಾನೂ ಬೈದಾಕಿ ಅಲ್ಲ," ಅಂದರು. "ನಿನ್ನಷ್ಟು ಗಟ್ಟಿಗಿತ್ತಿ ಯಾರದಾರ, ನೀ ಹೋದ್ರ ಮನಿ ನಿಂತ ಹೋಗತೈತಿ ಅಂತಿದ್ಲು. ಹೊಗಳಿ ಹೊಗಳೇ ಇಟ್ಕೊಂಡ್ಲು. ನಮ್ಮಣ್ಣ ಐದು ವರ್ಷ ಬರೇ ಗಾಡಿ ಹೊಡಕೊಂಡು ಹೋದ. ಆರನೇ ವರ್ಷ ಬರೂದು ಬಿಟ್ಟ. ಮೊನ್ನಿ ನಿನಗ ಅದ ಮಾತು ಅಂದೆ ನೋಡು, ನನ್ನ ಬಾಯಾಗ ಆಕಿನ ಕುಂತು ಮಾತಾಡಿದಂಗಾತು."

ನಾನು ಬಟ್ಟೆಯ ಗಂಟು ಬಿಗಿಯಾಯಿತೇ ಎಂದು ಕೇಳಿದೆ.

ಮುಂದಿನ ವರ್ಷ ಅಣ್ಣನಿಗೆ ಮೊದಲೇ ಹೇಳಿ ಕಳಿಸಿದೆ, ಈ ಸಲ ಕುರುಗೋಡಿನ ಮೇಲೆ ಹೋಗಬೇಕು ಎಂದು. ಗಾಡಿ ಬಾಗಿಲಿಗೆ ಬಂದಾಗ ಅತ್ತೆಯನ್ನು ಕರೆದೆ. ಕರೆಯದವರ ಮನೆಗೆ ತಾನು ಹೋಗುವವಳಲ್ಲ ಎಂದು ಅವರು ಒಳಗೆ ಹೋಗಿ ಕೂತರು. ಹಬ್ಬಕ್ಕೆ ಯಾರು ಕರೆದರು, ಇವರ ಪುಸ್ತಕಕ್ಕೆ ಕುರುಗೋಡಿನ ಬಾವಿಯ ಆಳ ಬೇಕಾಗಿದೆ ಎಂದೆ. ಇವರು, ತನಗೆ ಹಾಗೇನೂ ಬೇಕಾಗಿಲ್ಲ ಎಂದು ಹೇಳಲು ಬಾಯಿ ತೆರೆದರು. ನಾನು ನೋಡಿದ ನೋಟಕ್ಕೆ ತೆರೆದ ಬಾಯಿಂದಲೇ, ಹೌದು, ಬೇಕು, ಅದಿಲ್ಲದೆ ಲೆಕ್ಕ ಮುಂದೆ ಹೋಗುತ್ತಿಲ್ಲ ಅಂದರು. ಅಡಿಗೊಂದು ಗಂಟು ಹಾಕಿದ ಹಗ್ಗವನ್ನೂ ತಂದುಕೊಟ್ಟರು. ಬಾವಿ ಅಳೆಯಲು ಹೊರಟ ಅತ್ತೆ ಪೆಟ್ಟಿಗೆಯಿಂದ ಒಳ್ಳೆಯ ಇಳಕಲ್ ಸೀರೆ ತೆಗೆದು ಉಟ್ಟುಕೊಂಡರು.

ಕುರುಗೋಡಿನ ಕಲ್ಲುಗುಡ್ಡದ ಬುಡದಲ್ಲಿ ಆ ಮನೆ. ಅತ್ತೆ ಗಾಡಿಯಿಂದ ಇಳಿದರು, ಬಾಗಿಲ ಕಡೆ ತಿರುಗಿಯೂ ನೋಡದೆ ನೇರ ಬಾವಿಗೆ ಹೋದರು. ಗಂಟಿನ ಹಗ್ಗ ಗಾಡಿಯಲ್ಲೇ ಉಳಿಯಿತು. ಕಟ್ಟೆಯ ಮೇಲಿದ್ದ ಕೊಡ ಇಳಿಬಿಟ್ಟು ಸೇದತೊಡಗಿದರು. ಒಂದು ಕೊಡ ಸುರಿದರು, ಎರಡು ಸುರಿದರು. ಮೂರನೆಯದು ಮೇಲೆ ಬರುತ್ತಿರುವಾಗ ಒಳಗಿನಿಂದ ಕೋಲು ಊರಿಕೊಂಡು ಅತ್ತೆಯದೇ ಮುಖದ ಒಬ್ಬ ಮುದುಕರು ಬಂದರು. ಯಾರು ಎಂದು ಅವರು ಕೇಳಲಿಲ್ಲ. ರಾಟೆಯ ಸದ್ದು ಕೇಳುತ್ತ ಸ್ವಲ್ಪ ಹೊತ್ತು ನಿಂತಿದ್ದರು. ಆಮೇಲೆ ಕೋಲು ಬಿಟ್ಟು, ಅತ್ತೆಯ ಕೈಯಿಂದ ಹಗ್ಗ ತೆಗೆದುಕೊಂಡರು.

"ಬಿಡವ್ವ ಸಾಕು," ಅಂದರು. "ಹಬ್ಬಕ್ಕ ಬಂದಾಕಿ ನೀರು ಸೇದ್ತಾಳೇನು?"

ಅತ್ತೆ ಬಾವಿಯ ಕಟ್ಟೆಯ ಮೇಲೆ ಕೂತು, ಅಷ್ಟೂ ವರ್ಷದ್ದನ್ನು ಅತ್ತರು. ನಾನೂ ಗಾಡಿಯಲ್ಲಿ ಕೂತು ಅತ್ತುಬಿಟ್ಟೆ. ಅಣ್ಣ ಎತ್ತುಗಳಿಗೆ ನೀರು ಕುಡಿಸುವ ನೆಪದಲ್ಲಿ ಆ ಕಡೆ ತಿರುಗಿ ನಿಂತ.

ಎಂಟು ದಿನ ಕಳೆದು, ನಾನು ಸಿರುಗುಪ್ಪದಿಂದ ಬರುತ್ತ ಕುರುಗೋಡಿನಲ್ಲಿ ಅತ್ತೆಯನ್ನು ಹತ್ತಿಸಿಕೊಂಡು ಬಳ್ಳಾರಿಗೆ ಬಂದೆ. ಬಾಗಿಲಲ್ಲೇ ಪಕ್ಕದ ಮನೆಯಾಕೆ ವರದಿ ಒಪ್ಪಿಸಿದಳು. ಇವರು ಮೊದಲ ದಿನ ಕೊಡವನ್ನು ಬಾವಿಗೆ ಬೀಳಿಸಿದರಂತೆ, ಎರಡನೇ ದಿನ ಇನ್ನೊಂದು. ಅವನ್ನು ತೆಗೆಯಲು ಅವಳ ಮನೆಯಿಂದ ಪಾತಾಳಗರಡಿ ತಂದು, ಅದನ್ನೂ ಬೀಳಿಸಿದರಂತೆ. ಮೂರನೇ ದಿನ ಅವಳ ಕೊಡ ಇಸಕೊಂಡು ಸೇದುವುದನ್ನು ಓಣಿಯೆಲ್ಲ ಗೋಡೆಯ ಮೇಲಿಂದ ನೋಡಿತಂತೆ. ಗಡಿಯಾರ ನೋಡಿದವನು ಅವಳ ಗಂಡ.

ಇವರು ಒಳಗೆ ಅಂಗೈಗೆ ಅರಿಸಿನ ಹಚ್ಚಿಕೊಂಡು ಕೂತಿದ್ದರು. ಪುಸ್ತಕ ತೆರೆದಿತ್ತು. ಹೊಸ ಪುಟ. ಅದರಲ್ಲಿ ಕುದುರೆಯ ಲೆಕ್ಕವನ್ನು ಬಿಟ್ಟು ಬೇರೆ ಅಳತೆ ಹಿಡಿದಿದ್ದರು. ನಾನು ಅತ್ತೆಗೆ ಓದಿ ಹೇಳಿದೆ.

"ನಾನು, ಹತ್ತು ನಿಮಿಷಕ್ಕೆ ನಾಲ್ಕು ಕೊಡ. ಒಂದು ಕುದುರೆ ಎಂದರೆ ನೂರು ನಾನು. ಅವಳು ಎಂದರೆ ಐದು ನಾನು. ಅವ್ವ ಎಂದರೆ ಐದೂಕಾಲು ನಾನು. ಮೂವರೂ ಇದ್ದಾಗ ಈ ಮನೆ ಹನ್ನೊಂದೂಕಾಲು. ಈಗ ಒಂದು."

ಐದು ಹೆಚ್ಚೋ ಐದೂಕಾಲು ಹೆಚ್ಚೋ ಎಂದು ಅತ್ತೆ ಕೇಳಿದರು. ಐದೂಕಾಲೇ ಹೆಚ್ಚು ಎಂದೆ. ಈ ಸಲ ರೊಟ್ಟಿ ಮುರಿಯಬೇಕಾಗಲಿಲ್ಲ. ಅರ್ಧ ಕೊಡದ ವಿಷಯ ಇವರಿಗೆ ನಾವಿಬ್ಬರೂ ಎಂದಿಗೂ ಹೇಳಲಿಲ್ಲ.

ಮರುದಿನ ಬೆಳಿಗ್ಗೆ ರಾಟೆಯ ಸದ್ದಿಗೆ ಎಚ್ಚರವಾಯಿತು. ಅತ್ತೆ ಎದ್ದುಬಿಟ್ಟರು ಎಂದು ಗಾಬರಿಯಿಂದ ಹಿತ್ತಿಲಿಗೆ ಓಡಿದೆ. ಹಗ್ಗ ಹಿಡಿದು ನಿಂತಿದ್ದವರು ಇವರು. ಅತ್ತೆ ಹೊಸ್ತಿಲ ಮೇಲೆ ಕಾಲು ಚಾಚಿ ಕೂತು, ಗಡಿಯಾರ ಹಿಡಿದುಕೊಂಡು, ಇನ್ನೂ ಹತ್ತು ನಿಮಿಷ ಆಗಿಲ್ಲ, ಸೇದು ಅನ್ನುತ್ತಿದ್ದರು. ಅವರಿಗೆ ಗಡಿಯಾರ ನೋಡಲು ಬರುತ್ತಿರಲಿಲ್ಲ.